ಮನೆಯ ಸ್ಟುಡಿಯೋದಲ್ಲಿ ‘ಟುಮಾರೋ ನೆವರ್ ನೋಸ್’ ಮತ್ತೆ ಕಟ್ಟುವುದು: ಬಿಡಿಯಾಗಿ ಹೊಂದುವ ಧ್ವನಿಗಳು ಒಟ್ಟಿಗೆ ಏಕೆ ಹೊಂದುತ್ತಿಲ್ಲ?

ಕೌಲ್‌ಬಜಾರ್ ಧ್ವನಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್ 1966ರ ಏಪ್ರಿಲ್‌ನಲ್ಲಿ ಲಂಡನ್ನಿನ ಅಬ್ಬೆ ರೋಡ್‌ನ ಇಎಂಐ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ, ಅದೇ ವರ್ಷದ ಆಗಸ್ಟ್ 5ರಂದು ‘ರಿವಾಲ್ವರ್’ ಆಲ್ಬಮ್ಮಿನ ಕೊನೆಯ ಹಾಡಾಗಿ ಹೊರತಂದ ‘ಟುಮಾರೋ ನೆವರ್ ನೋಸ್’ ಹಾಡನ್ನು ನನ್ನ ಮನೆಯ ಸ್ಟುಡಿಯೋದಲ್ಲಿ ಮೊದಲಿನಿಂದ ಕೊನೆಯವರೆಗೆ ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದ್ದೇನೆ. ಮಾರುವ ಉದ್ದೇಶವಾಗಲಿ, ಪ್ರಚಾರದ ಉದ್ದೇಶವಾಗಲಿ ಇಲ್ಲ. ಸುಮಾರು ಮೂರು ನಿಮಿಷದ, ಬಹುಮಟ್ಟಿಗೆ ಒಂದೇ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಮೇಲೆ ನಿಂತಿರುವ ಹಾಡು ನಾಲ್ಕೇ ಟ್ರ್ಯಾಕಿನ ಟೇಪಿನಲ್ಲಿ ಇಷ್ಟು ದಟ್ಟವಾಗಿ ಹೇಗೆ ಮೂಡಿತು ಎಂಬುದನ್ನು ಓದಿ ತಿಳಿಯುವುದಕ್ಕಿಂತ ಕೈಯಾರೆ ಮಾಡಿ ತಿಳಿಯಬೇಕೆಂಬುದು ನನ್ನ ಬಹುದಿನದ ಆಸೆ.

ನನ್ನ ಬಳಿ ಇರುವ ಸಲಕರಣೆ ಇಷ್ಟು: ಒಂದು ಲ್ಯಾಪ್‌ಟಾಪ್, ಅದರಲ್ಲಿ ಧ್ವನಿಮುದ್ರಣದ ರೀಪರ್ ತಂತ್ರಾಂಶ, ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಎರಡು ಡೈನಮಿಕ್ ಮೈಕುಗಳು, ಎಲೆಕ್ಟ್ರಿಕ್ ಗಿಟಾರ್ ಮತ್ತು ಬೇಸ್. ಡ್ರಮ್ ಸೆಟ್ಟನ್ನು ನಮ್ಮೂರಿನ ಆರ್ಕೆಸ್ಟ್ರಾ ತಂಡದ ಗೆಳೆಯರು ಕೊಡುತ್ತಾರೆ. ಕೋಣೆ ಮಹಡಿಯ ಮೇಲಿದ್ದು 10 ಅಡಿ ಅಗಲ, 12 ಅಡಿ ಉದ್ದ ಇದೆ. ಮೇಲೆ ಆರ್‌ಸಿಸಿ ತಾರಸಿ, ಕೆಳಗೆ ಕಡಪಾ ಕಲ್ಲಿನ ನೆಲ. ಬಳ್ಳಾರಿಯ ಬಿಸಿಲು ನಿಮಗೆಲ್ಲ ಗೊತ್ತೇ ಇದೆ. ಹಗಲಿನಲ್ಲಿ ಫ್ಯಾನು ಆರಿಸಿ ಕೂರಲಾಗುವುದಿಲ್ಲ, ಆದ್ದರಿಂದ ಧ್ವನಿಮುದ್ರಣವೆಲ್ಲ ರಾತ್ರಿ ಊರು ಮಲಗಿದ ಮೇಲೆಯೇ ನಡೆಯುತ್ತದೆ.

ಈಗ ತೊಡಕಿಗೆ ಬರುತ್ತೇನೆ. ತಂಬೂರಿಯ ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಬಳಸಿದ್ದೇನೆ. ಐದು ಲೂಪುಗಳನ್ನು (ಸುತ್ತಿ ಸುತ್ತಿ ನುಡಿಯುವ ಧ್ವನಿತುಣುಕುಗಳನ್ನು), ಅಂದರೆ ಕಡಲಹಕ್ಕಿಯ ಕೂಗಿನಂತೆ ಕೇಳುವ ನಗೆ, ಆರ್ಕೆಸ್ಟ್ರಾದ ಒಂದು ಕಾರ್ಡು, ಮೆಲೋಟ್ರಾನಿನ (ಟೇಪಿನಲ್ಲಿ ಮುದ್ರಿಸಿದ ಧ್ವನಿಗಳನ್ನು ನುಡಿಸುವ ಕೀಬೋರ್ಡಿನ) ಕೊಳಲು, ಮೆಲೋಟ್ರಾನಿನ ತಂತಿವಾದ್ಯ ಮತ್ತು ಸಿತಾರಿನಂತೆ ಕೇಳುವ ವೇಗದ ಪಲುಕು, ಇವನ್ನೆಲ್ಲ ಬೇರೆ ಬೇರೆಯಾಗಿ ತಯಾರಿಸಿ, ತಾಳಕ್ಕೆ ಸರಿಯಾಗಿ ಜೋಡಿಸಿಟ್ಟಿದ್ದೇನೆ. ಹಾಡುವ ದನಿಯ ಉತ್ತರಾರ್ಧಕ್ಕೆ, ಧ್ವನಿಯನ್ನು ಸುತ್ತಿಸಿ ಹೊರಬಿಡುವ ಲೆಸ್ಲಿ ಸ್ಪೀಕರಿನ ಪ್ಲಗಿನ್ (ತಂತ್ರಾಂಶದ ಅನುಕರಣೆ) ಹಾಕಿದ್ದೇನೆ. ಒಂದೊಂದನ್ನೇ ಮೂಲದ ಪಕ್ಕದಲ್ಲಿಟ್ಟು ಕೇಳಿದರೆ ಹೋಲಿಕೆ ಚೆನ್ನಾಗಿಯೇ ಇದೆ; ಆದರೆ ಎಲ್ಲವನ್ನೂ ಒಟ್ಟಿಗೆ ನುಡಿಸಿದಾಗ ಹಾಡು ಅಚ್ಚುಕಟ್ಟಾದ ಜೋಡಣೆಯಾಗಿ ಕೇಳುತ್ತದೆಯೇ ಹೊರತು ಮೂಲದಲ್ಲಿರುವ ಆ ಉಕ್ಕು ಮತ್ತು ಅಪಾಯದ ಅನುಭವ ಬರುವುದಿಲ್ಲ. ಹಳೆಯ ಸಲಕರಣೆ ಇಲ್ಲದಿರುವುದೇ ಇದಕ್ಕೆ ಕಾರಣವೋ, ಅಥವಾ ನಾನು ಕೆಲಸ ಮಾಡುತ್ತಿರುವ ಕ್ರಮವೇ ಬೇರೆಯಾಗಬೇಕೋ? ಈ ಭಾಗದಲ್ಲಿ ಧ್ವನಿಮುದ್ರಣ ಮಾಡುವವರು, ಸಂಗೀತ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಹಳೆ ಟೇಪು, ರಾಯಚೂರು

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಬಹುಭಾಗ ಇದೆ. ಲೂಪುಗಳನ್ನು ತಾಳಕ್ಕೆ ಸರಿಯಾಗಿ ಜೋಡಿಸಿಟ್ಟಿದ್ದೇನೆ ಎಂದಿದ್ದೀರಿ. ಮೂಲದಲ್ಲಿ ಅವು ತಾಳಕ್ಕೆ ಜೋಡಿಸಿದವಲ್ಲ, ಜೋಡಿಸುವ ಉಪಾಯವೂ ಅಲ್ಲಿ ಇರಲಿಲ್ಲ. ಡ್ರಮ್ಮು, ಬೇಸು, ಮುಖ್ಯ ದನಿ ಏಪ್ರಿಲ್ 6ರಂದು ಮೊದಲಾದವು. ಲೂಪುಗಳು ಸೇರಿದ್ದು ಮರುದಿನ. ಸ್ಟುಡಿಯೋ ಕಟ್ಟಡದ ಬೇರೆ ಬೇರೆ ಕೋಣೆಗಳಲ್ಲಿದ್ದ ಟೇಪ್ ಯಂತ್ರಗಳ ಮೇಲೆ ಒಂದೊಂದು ಲೂಪನ್ನು ಓಡಿಸಿ, ಅವುಗಳ ಔಟ್‌ಪುಟ್ಟನ್ನೆಲ್ಲ ಒಂದೇ ಕನ್ಸೋಲಿಗೆ (ಮಿಶ್ರಣದ ಮೇಜಿಗೆ) ತಂದು, ಹಾಡು ಓಡುತ್ತಿರುವಾಗಲೇ ಕೈಯಿಂದ ಫೇಡರುಗಳನ್ನು (ಧ್ವನಿಮಟ್ಟದ ಸರಿಸುಗುಂಡಿಗಳನ್ನು) ಏರಿಸುತ್ತ ಇಳಿಸುತ್ತ ಅವನ್ನು ಟೇಪಿಗೆ ಇಳಿಸಿದರು. ಯಾವ ಲೂಪು ಯಾವ ಕ್ಷಣದಲ್ಲಿ ತನ್ನ ಯಾವ ಭಾಗದಲ್ಲಿ ಇರುತ್ತದೆ ಎಂಬುದು ಫೇಡರ್ ಏರಿಸುವವರಿಗೂ ನಿಖರವಾಗಿ ತಿಳಿದಿರಲಿಲ್ಲ. ಆ ಹಾಡಿನಲ್ಲಿ ಮಿಶ್ರಣ ಎಂಬುದು ಕೊನೆಯ ಹಂತದ ಒಪ್ಪಓರಣವಲ್ಲ, ಅದೇ ಒಂದು ವಾದನ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರು ಈ ಹಾಡನ್ನು ಮತ್ತೆ ಹಾಗೆಯೇ ಮಾಡಲಾಗದು ಎಂದು ಮುಂದೆ ಹೇಳುತ್ತಿದ್ದುದು ಈ ಕಾರಣಕ್ಕಾಗಿಯೇ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಹಾಡಿನ ಗತಿ ನಿಮಿಷಕ್ಕೆ ಸುಮಾರು 125 ಮಾತ್ರೆ ಎಂದು ಇಟ್ಟುಕೊಳ್ಳೋಣ. ಆಗ ಒಂದು ಮಾತ್ರೆಗೆ 0.48 ಸೆಕೆಂಡು, ನಾಲ್ಕು ಮಾತ್ರೆಯ ಒಂದು ಆವರ್ತಕ್ಕೆ 1.92 ಸೆಕೆಂಡು. ನೀವು ಲೂಪನ್ನು ಎರಡು ಆವರ್ತಕ್ಕೆ, ಅಂದರೆ 3.84 ಸೆಕೆಂಡಿಗೆ ಕತ್ತರಿಸಿಟ್ಟರೆ ಅದು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಬೀಳುತ್ತದೆ. ಎರಡು ಸಲ ಕೇಳುವಷ್ಟರಲ್ಲಿ ಕಿವಿ ಅದನ್ನು ಊಹಿಸಿಬಿಡುತ್ತದೆ. ಅದೇ ಲೂಪು 4.7 ಸೆಕೆಂಡಿನದಾಗಿದ್ದರೆ ಪ್ರತಿ ಸುತ್ತಿನಲ್ಲಿಯೂ ತಾಳದ ಬೇರೆ ಬೇರೆ ಜಾಗದಲ್ಲಿ ತಲೆಯೆತ್ತುತ್ತದೆ. ಐದು ಲೂಪುಗಳ ಉದ್ದ ಒಂದಕ್ಕೊಂದು ಭಾಗವಾಗದ ಸಂಖ್ಯೆಗಳಾಗಿದ್ದರೆ, ಹಾಡು ಮುಗಿಯುವವರೆಗೂ ಅವು ಅದೇ ಜೋಡಣೆಯಲ್ಲಿ ಎರಡನೆಯ ಬಾರಿ ಕೂಡುವುದೇ ಇಲ್ಲ. ಜಾತ್ರೆಯಲ್ಲಿ ಐದು ದಿಕ್ಕಿನ ಐದು ಧ್ವನಿವರ್ಧಕಗಳಿಂದ ಐದು ಹಾಡುಗಳು ಬರುವಾಗ, ನಾವು ನಡೆದಂತೆಲ್ಲ ಒಂದು ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದಲ್ಲ, ಆ ಬಗೆಯ ಅನುಭವವನ್ನು ಇಲ್ಲಿ ಫೇಡರುಗಳು ಕೊಡುತ್ತವೆ.

ಟೇಪಿನ ಉದ್ದದ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ 15 ಇಂಚು ಓಡುವ ಯಂತ್ರದಲ್ಲಿ 4.7 ಸೆಕೆಂಡಿನ ಲೂಪಿಗೆ ಸುಮಾರು 70 ಇಂಚು, ಅಂದರೆ ಆರು ಅಡಿಗೆ ಸ್ವಲ್ಪ ಕಡಿಮೆ ಟೇಪು ಬೇಕು. ಅಷ್ಟುದ್ದದ ಟೇಪಿನ ಸುತ್ತು ಯಂತ್ರದಿಂದ ಹೊರಗೆ ನೇತಾಡುತ್ತದೆ. ಅದು ಸಡಿಲಾಗದಂತೆ ಸಿಬ್ಬಂದಿ ಪೆನ್ಸಿಲ್ ತೂರಿಸಿ ಹಿಡಿದು ನಿಂತಿದ್ದರು ಎಂಬ ಪ್ರಸಿದ್ಧ ಸಂಗತಿಗೆ ಕಾರಣ ಇದೇ. ಕೈಯಲ್ಲಿ ಹಿಡಿದ ಟೇಪಿನ ಬಿಗಿ ಒಂದೇ ಸಮನೆ ಇರುವುದಿಲ್ಲ. ಆದ್ದರಿಂದ ಧ್ವನಿಯ ಸ್ಥಾಯಿಯೂ ಕೂದಲೆಳೆಯಷ್ಟು ಅಲುಗುತ್ತಲೇ ಇರುತ್ತದೆ. ಇನ್ನು ಲೂಪುಗಳ ಒಳಗಿನ ಗಡಸುತನ ಬಂದದ್ದು ತಂಡದ ಬೇಸ್ ವಾದಕ ಪಾಲ್ ಮೆಕಾರ್ಟ್ನಿ ಅವರ ಮನೆಯಲ್ಲಿ. ಅವರು ತಮ್ಮ ಬ್ರೆನೆಲ್ ಟೇಪ್ ಯಂತ್ರದ ಅಳಿಸುವ ಹೆಡ್ಡನ್ನು ತೆಗೆದುಹಾಕಿ, ಹಳೆಯದು ಅಳಿಯದೆ ಅದರ ಮೇಲೆ ಮತ್ತೆ ಮತ್ತೆ ಮುದ್ರಣವಾಗುವಂತೆ ಮಾಡಿಕೊಂಡಿದ್ದರು. ಟೇಪಿನ ಕಾಂತಶಕ್ತಿ ಅದರ ಮಿತಿ ಮುಟ್ಟುವವರೆಗೂ ಧ್ವನಿಯ ಮೇಲೆ ಧ್ವನಿ ಕೂಡುತ್ತಿತ್ತು. ತಂತ್ರಾಂಶದಲ್ಲಿ ಇದನ್ನು ಮಾಡಲು ಒಂದೇ ಲೂಪಿನ ಮೇಲೆ ನಾಲ್ಕಾರು ಪದರ ನುಡಿಸಿ, ಅವನ್ನು ಒಟ್ಟುಗೂಡಿಸಿದ ಮೇಲೆ ಟೇಪ್ ಸ್ಯಾಚುರೇಶನ್ (ಟೇಪು ಮಿತಿ ಮುಟ್ಟಿದಾಗಿನ ಧ್ವನಿಯನ್ನು ಅನುಕರಿಸುವ ಎಫೆಕ್ಟು) ಹಾಕಬೇಕು. ಪ್ರತಿ ಪದರಕ್ಕೂ ಬೇರೆಯಾಗಿ ಹಾಕಿದರೆ ಆ ಫಲ ಸಿಗುವುದಿಲ್ಲ, ಏಕೆಂದರೆ ಪದರಗಳು ಒಂದನ್ನೊಂದು ಅದುಮಿಕೊಂಡಾಗ ಮಾತ್ರ ಆ ಗಡಸು ಹುಟ್ಟುತ್ತದೆ. ಆಮೇಲೆ ವೇಗವನ್ನು ಇಮ್ಮಡಿ ಮಾಡಿ. ಉದ್ದ ಅರ್ಧವಾಗಿ, ಸ್ಥಾಯಿ ಒಂದು ಸಪ್ತಕ ಮೇಲೇರುತ್ತದೆ. ಉದ್ದ ಕಾಯ್ದುಕೊಂಡು ಸ್ಥಾಯಿಯನ್ನಷ್ಟೇ ಏರಿಸುವ ಸೌಲಭ್ಯವನ್ನು ಇಲ್ಲಿ ಬಳಸಲೇಬೇಡಿ.

ನಿಮಗೆ ನನ್ನ ಸಲಹೆ ಇದು. ಲ್ಯಾಪ್‌ಟಾಪಿನಲ್ಲಿ ಲೂಪುಗಳನ್ನು ಸಾಲಾಗಿ ಇಡುವುದನ್ನು ಬಿಟ್ಟುಬಿಡಿ. ಐದು ಹಳೆಯ ಮೊಬೈಲುಗಳಲ್ಲಿ ಒಂದೊಂದು ಲೂಪನ್ನು ನಿರಂತರವಾಗಿ ನುಡಿಯುವಂತೆ ಇಟ್ಟು, ಅವುಗಳ ಹೆಡ್‌ಫೋನ್ ಔಟ್‌ಪುಟ್ಟನ್ನು ಮೈಕ್‌ಸೆಟ್ ಅಂಗಡಿಯವರ ಹಳೆಯ ಎಂಟು ಚಾನೆಲ್ಲಿನ ಮಿಕ್ಸರಿಗೆ ಕೊಡಿ. ಮೊಬೈಲುಗಳು ಒಂದಕ್ಕೊಂದು ಹೊಂದಿಕೊಂಡು ಓಡುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಎಲ್ಲವನ್ನೂ ಏರ್‌ಪ್ಲೇನ್ ಮೋಡಿನಲ್ಲಿಡಿ, ಇಲ್ಲವಾದರೆ ಕರೆ ಬರುವ ಮುನ್ನಿನ ಗುಂಯ್‌ಗುಡುವಿಕೆ ಮಿಕ್ಸರಿನಲ್ಲಿ ಸೇರಿಬಿಡುತ್ತದೆ. ಇಬ್ಬರು ಕುಳಿತು, ಹಾಡನ್ನು ಕೇಳುತ್ತ, ಫೇಡರುಗಳನ್ನು ಬೆರಳಲ್ಲಿ ನುಡಿಸಿ, ಮಿಕ್ಸರಿನ ಔಟ್‌ಪುಟ್ಟನ್ನು ಒಂದೇ ಮೊನೊ ಟ್ರ್ಯಾಕಿಗೆ ಮುದ್ರಿಸಿಕೊಳ್ಳಿ. ಆಮೇಲೆ ಅದನ್ನು ಬಿಡಿಸಲು ಸಾಧ್ಯವಿರಬಾರದು. ಬಿಡಿಸಬಹುದು ಎಂಬ ಭರವಸೆ ಇರುವವರೆಗೂ ಕೈ ಧೈರ್ಯ ಮಾಡುವುದಿಲ್ಲ.

2022ರಲ್ಲಿ ಬಂದ ‘ರಿವಾಲ್ವರ್’ ವಿಶೇಷ ಆವೃತ್ತಿಯಲ್ಲಿ ಇದೇ ಹಾಡಿನ ಮೊದಲ ಟೇಕ್ (ಮುದ್ರಣದ ಮೊದಲ ಪ್ರಯತ್ನ) ಮತ್ತು ಹನ್ನೊಂದನೆಯ ಮೊನೊ ಮಿಶ್ರಣ ಎರಡೂ ಇವೆ. ಈ ಮೊನೊ ಮಿಶ್ರಣವು 1966ರ ಮೊದಲ ಕೆಲವು ಪ್ರತಿಗಳಲ್ಲಿ ಮಾತ್ರ ಹೊರಬಂದು ಅನಂತರ ಬದಲಾದದ್ದು. ಅದನ್ನು ಪರಿಚಿತ ಸ್ಟೀರಿಯೋ ಮಿಶ್ರಣದ ಪಕ್ಕದಲ್ಲಿಟ್ಟು ಕೇಳಿ. ಲೂಪುಗಳ ಏರಿಳಿತ ಎಷ್ಟು ಬೇರೆಯಾಗಿದೆ ಎಂಬುದು ತಿಳಿಯುತ್ತದೆ. ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಬಿಳಿ ಒಂದು, ಕೊಪ್ಪಳ

ನಾನು ಹಿಂದೂಸ್ತಾನಿ ಗಾಯನ ಕಲಿತವಳು. ರಾಕ್ ಸಂಗೀತದ ಪರಿಚಯ ನನಗೆ ಮಗನಿಂದಾಗಿ ಆದದ್ದು. ಆದರೆ ಈ ಹಾಡು ಕೇಳಿದ ಮೊದಲ ದಿನವೇ ಅದರ ಬುಡದಲ್ಲಿರುವುದು ನಮ್ಮ ತಂಬೂರಿ ಎಂಬುದು ತಿಳಿದು ಬಹಳ ಸಂತೋಷವಾಗಿತ್ತು. ಹಾಡು ಆರಂಭವಾಗುವುದೇ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಅವರು ಮೀಟಿದ ತಂಬೂರಿಯಿಂದ.

ಎಲೆಕ್ಟ್ರಾನಿಕ್ ತಂಬೂರಿಯನ್ನು ದಯವಿಟ್ಟು ಬಿಟ್ಟುಬಿಡಿ. ರಿಯಾಜಿಗೆ ಅದು ಅನುಕೂಲವೇ ಹೌದು, ನಾನೂ ದಿನವೂ ಬಳಸುತ್ತೇನೆ. ಆದರೆ ಧ್ವನಿಮುದ್ರಣದಲ್ಲಿ ಅದು ಅದೇ ಸುತ್ತನ್ನು ಅದೇ ಅಳತೆಯಲ್ಲಿ ತಿರುಗಿ ತಿರುಗಿ ಒಪ್ಪಿಸುತ್ತದೆ. ಮೇಲಿನವರು ಲೂಪುಗಳ ಬಗ್ಗೆ ಹೇಳಿದ ದೋಷವೇ ನಿಮ್ಮ ಹಾಡಿನ ಬುಡದಲ್ಲಿಯೂ ಸೇರಿಕೊಂಡಿದೆ. ನಿಜವಾದ ತಂಬೂರಿಯಲ್ಲಿ ಕುದುರೆಯ (ತಂತಿಗಳನ್ನು ಹೊರುವ ತುಂಡಿನ) ಮೇಲೆ, ತಂತಿಯ ಅಡಿಗೆ ಒಂದು ಹತ್ತಿಯ ಎಳೆಯನ್ನು ಸರಿಸಿ ಜವಾರಿ (ತಂತಿಯ ಝೇಂಕಾರ) ತೆರೆಯುತ್ತೇವೆ. ಎಳೆ ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಸರಿದರೂ ಒಳಗಿನ ಉಪಸ್ವರಗಳ ಸಾಲು ಬೇರೆಯಾಗಿ ಮೊಳಗುತ್ತದೆ. ಮೂಲದಲ್ಲಿ ಕೇಳಿಬರುವ ಆ ಝೇಂಕಾರ ಹುಟ್ಟುವುದು ಇಲ್ಲಿಂದ, ಯಾವ ಎಫೆಕ್ಟಿನಿಂದಲೂ ಅಲ್ಲ.

ಹಾಡು ಸಿ ಸ್ವರದಲ್ಲಿದೆ, ನಮ್ಮ ಮಾತಿನಲ್ಲಿ ಹಾರ್ಮೋನಿಯಂನ ಬಿಳಿ ಒಂದು. ಗಂಡಸರ ತಂಬೂರಿಗಳನ್ನು ನಮ್ಮ ಕಡೆ ಸಾಮಾನ್ಯವಾಗಿ ಕರಿ ಒಂದರ (ಸಿ ಶಾರ್ಪ್) ಆಸುಪಾಸಿನಲ್ಲಿ ಸೇರಿಸಿರುತ್ತಾರೆ, ಆದ್ದರಿಂದ ಅರ್ಧ ಸ್ವರ ಇಳಿಸಿದರೆ ಸಾಕು, ತಂತಿಗೆ ತೊಂದರೆಯಿಲ್ಲ. ಮೂಲ ಮುದ್ರಣದೊಂದಿಗೆ ಕಿವಿಯಿಂದಲೇ ಶ್ರುತಿ ಸೇರಿಸಿ, ಟ್ಯೂನರ್ ಆ್ಯಪ್ ನೋಡಿ ಸೇರಿಸಬೇಡಿ. ಟೇಪಿನಲ್ಲಿ ಮುದ್ರಣವಾದ ಹಾಡು ಟ್ಯೂನರಿನ ಲೆಕ್ಕಕ್ಕೆ ಕರಾರುವಾಕ್ಕಾಗಿ ಹೊಂದಬೇಕೆಂದೇನೂ ಇಲ್ಲ. ಮೈಕನ್ನು ತುಂಬದ (ಕೆಳಗಿನ ಬುರುಡೆಯ) ಮುಂದೆ ನೇರವಾಗಿ ಇಡುವುದಕ್ಕಿಂತ ಕುದುರೆಗೆ ಒಂದಡಿ ದೂರದಲ್ಲಿ, ಸ್ವಲ್ಪ ಮೇಲಿನಿಂದ ಇಳಿಜಾರಾಗಿ ಇಡಿ. ಮೀಟುವವರು ಡ್ರಮ್ಮಿನ ತಾಳವನ್ನು ಕೇಳದೆ, ತಮ್ಮ ಉಸಿರಿನ ಲಯದಲ್ಲಿ, ಹಾಡಿನ ಪೂರ್ತಿ ಉದ್ದಕ್ಕೆ ಒಂದೇ ಪಟ್ಟಿಗೆ ಮೀಟಬೇಕು.

ಇನ್ನೊಂದು ಸಂಗತಿ ಹೇಳಬೇಕೆನಿಸುತ್ತದೆ. ಗಾಯನದ ಸ್ವರಗಳು ಷಡ್ಜ, ಗಾಂಧಾರ, ಪಂಚಮಗಳಲ್ಲಿ ಆಡಿ, ಸಾಲಿನ ಕೊನೆಯಲ್ಲಿ ಕೋಮಲ ನಿಷಾದದಿಂದ ಷಡ್ಜಕ್ಕೆ ಬಂದು ನಿಲ್ಲುತ್ತವೆ. ಆರ್ಕೆಸ್ಟ್ರಾದ ಲೂಪು ಕೂಡ ಬಿ ಫ್ಲಾಟ್ ಕಾರ್ಡು, ಅಂದರೆ ಅದೇ ಕೋಮಲ ನಿಷಾದದ ಮೇಲೆ ನಿಂತದ್ದು. ಕೋಮಲ ನಿಷಾದವಿರುವ ಖಮಾಜ್ ಥಾಟಿನ (ಸ್ವರಶ್ರೇಣಿಯ) ನೆರಳು ಸ್ಪಷ್ಟವಾಗಿದೆ. ತಂಬೂರಿಯ ಷಡ್ಜ ಗಟ್ಟಿಯಾಗಿ ನಿಂತಾಗ ಮಾತ್ರ ಈ ನಿಷಾದಕ್ಕೆ ಸೆಳೆತ ಬರುತ್ತದೆ. ಆದ್ದರಿಂದ ಮಿಶ್ರಣದಲ್ಲಿ ತಂಬೂರಿಯನ್ನು ಆರಂಭದಲ್ಲಿ ತೋರಿಸಿ ಅನಂತರ ಮುಚ್ಚಿಬಿಡಬೇಡಿ. ನಿಮ್ಮಲ್ಲಿ ತಂಬೂರಿ ಸಿಗದಿದ್ದರೆ ಹೇಳಿ, ನನ್ನದು ಇದೆ.

ಮೈಕ್‌ಸೆಟ್ ಅಂಗಡಿ, ಗಂಗಾವತಿ

ತಮ್ಮಾ, ಮಿಕ್ಸರಿನ ಮಾತು ಬಂದಿದ್ದರಿಂದ ನಾನೂ ಬರೆಯುತ್ತಿದ್ದೇನೆ. ನನಗೆ ಬೀಟಲ್ಸ್ ತಂಡದ ಇತಿಹಾಸ ಅಷ್ಟು ಗೊತ್ತಿಲ್ಲ, ಆದರೆ ಸ್ಪೀಕರ್ ಗೊತ್ತು. ಲೆಸ್ಲಿಗೆ ಪ್ಲಗಿನ್ ಹಾಕಿದ್ದೇನೆ ಎಂದಿದ್ದೀಯಲ್ಲ, ಅದರ ಬದಲು ಒಂದು ನಿಜವಾದ ತಿರುಗುವ ಸ್ಪೀಕರನ್ನೇ ಏಕೆ ಮಾಡಬಾರದು? ಕಷ್ಟವೇನಿಲ್ಲ.

ಲೆಸ್ಲಿ ಪೆಟ್ಟಿಗೆಯಲ್ಲಿ ಸ್ಪೀಕರ್ ತಿರುಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೋ. ಸುಮಾರು 800 ಹರ್ಟ್ಝ್‌ಗಿಂತ ಮೇಲಿನ ಧ್ವನಿ ಮೇಲ್ಭಾಗದ ಹಾರ್ನಿಗೂ ಕೆಳಗಿನದು ಕೆಳಭಾಗದ ಡ್ರಮ್ಮಿಗೂ ಹೋಗುತ್ತದೆ. ತಿರುಗುವುದು ಆ ಹಾರ್ನು ಮತ್ತು ಡ್ರಮ್ಮು ಮಾತ್ರ, ಧ್ವನಿ ಹುಟ್ಟಿಸುವ ಭಾಗ ನಿಂತಲ್ಲೇ ನಿಂತಿರುತ್ತದೆ. ಹಾರ್ನಿಗೆ ಎರಡು ಬಾಯಿ ಕಂಡರೂ ಧ್ವನಿ ಬರುವುದು ಒಂದರಿಂದ. ಇನ್ನೊಂದು ತೂಕ ಸರಿದೂಗಿಸಲು ಇರುವಂಥದ್ದು. ಹೀಗಾಗಿ ತಿರುಗುವ ಭಾಗಕ್ಕೆ ತಂತಿ ಎಳೆಯುವ ತಲೆನೋವಿಲ್ಲ.

ಮನೆಯಲ್ಲಿ ಮಾಡುವುದು ಹೀಗೆ. ಹತ್ತು ಇಂಚಿನ ಹಳೆಯ ಸ್ಪೀಕರ್ ಪೆಟ್ಟಿಗೆಯನ್ನು ಕೋನ್ ಮೇಲ್ಮುಖವಾಗುವಂತೆ ಮಲಗಿಸು. ಅದರ ಮೇಲೆ ತೆಳುವಾದ ಪ್ಲೈವುಡ್ಡಿನ ಒಂದು ಡಬ್ಬಿ ಬರಬೇಕು. ಡಬ್ಬಿಯ ತಳ ತೆರೆದಿರಬೇಕು, ಒಳಗೆ ಇಳಿಜಾರಾದ ಹಲಗೆಯಿದ್ದು ಧ್ವನಿ ಒಂದೇ ಪಕ್ಕದ ಕಿಂಡಿಯಿಂದ ಹೊರಬರಬೇಕು. ಡಬ್ಬಿ ಒಂದು ಬೇರಿಂಗಿನ ಮೇಲೆ ತಿರುಗಲಿ. ತಿರುಗಿಸಲು ಹೊಲಿಗೆ ಯಂತ್ರದ ಮೋಟರಿಗಿಂತ ಒಳ್ಳೆಯದು ಬೇರೆ ಇಲ್ಲ, ಜೀನ್ಸ್ ಹೊಲಿಯುವ ನಿಮ್ಮ ಊರಿನಲ್ಲಿ ಅದನ್ನು ಹುಡುಕುವುದು ಕಷ್ಟವಲ್ಲ. ಮನೆಯ ಹೊಲಿಗೆ ಯಂತ್ರಕ್ಕೆ ಹಾಕುವ, ಕಾಲಿನ ಪೆಡಲ್ ಇರುವ ಸಣ್ಣ ಮೋಟರನ್ನೇ ತೆಗೆದುಕೋ. ಪೆಡಲ್ ಒತ್ತಿದಷ್ಟು ವೇಗ ಬದಲಾಗುತ್ತದೆ. ಆ ಮೋಟರಿನ ವೇಗ ಬಹಳ ಹೆಚ್ಚು, ಆದ್ದರಿಂದ ಎರಡು ಹಂತದ ಪುಲ್ಲಿ ಮತ್ತು ಬೆಲ್ಟು ಹಾಕಿ ಇಳಿಸಬೇಕು. ಮೋಟರಿನ ಸದ್ದು ಮೈಕಿಗೆ ಹೋಗದಂತೆ ಉದ್ದ ಬೆಲ್ಟು ಬಳಸಿ ಅದನ್ನು ಪೆಟ್ಟಿಗೆಯ ಆಚೆ ಇಡು. ಅದರ ಬ್ರಷ್ಷಿನ ಕಿಡಿ ಮೈಕಿನ ಲೈನಿನಲ್ಲಿ ಚಟಪಟ ಎನ್ನಿಸುತ್ತದೆ. ಇಂಟರ್‌ಫೇಸಿಗೂ ಮೋಟರಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಡಬ್ಬಿ ಅಲುಗಾಡಿದರೆ ಎದುರು ಪಕ್ಕಕ್ಕೆ ನಾಣ್ಯ ಅಂಟಿಸಿ ತೂಕ ಸರಿಮಾಡು. ಸುತ್ತಲೂ ಜಾಲರಿ ಹಾಕದೆ ಪೂರ್ತಿ ವೇಗದಲ್ಲಿ ಓಡಿಸಲೇಬಾರದು.

ಇದರಿಂದ ಆಗುವ ಲಾಭವನ್ನೂ ಲೆಕ್ಕದಲ್ಲಿ ಹೇಳುತ್ತೇನೆ. ಕಿಂಡಿ ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿದ್ದು ಸೆಕೆಂಡಿಗೆ 6 ಸುತ್ತು ತಿರುಗಿದರೆ ಅದರ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಮೀಟರ್ ಆಗುತ್ತದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅಂದರೆ ಕಿಂಡಿ ಮೈಕಿನ ಕಡೆ ಬರುವಾಗ ಸ್ಥಾಯಿ ಶೇಕಡಾ 2ರಷ್ಟು ಏರುತ್ತದೆ, ದೂರ ಹೋಗುವಾಗ ಅಷ್ಟೇ ಇಳಿಯುತ್ತದೆ. ಒಂದು ಅರ್ಧ ಸ್ವರಕ್ಕೆ ಶೇಕಡಾ 6 ಎಂದಾದರೆ ಇದು ಅದರ ಮೂರನೆಯ ಒಂದು ಭಾಗ. ಜೊತೆಗೆ ಧ್ವನಿಯ ಮಟ್ಟವೂ ಏರಿಳಿಯುತ್ತದೆ, ನಿನ್ನ ಕೋಣೆಯ ಗೋಡೆಗಳಿಂದ ಹಿಂದಿರುಗುವ ಧ್ವನಿಯೂ ಪ್ರತಿ ಸುತ್ತಿಗೆ ಬದಲಾಗುತ್ತದೆ. ಮೈಕು ಒಂದೇ ಸಾಕು, ಜಾಲರಿಯಿಂದ ಒಂದಡಿ ದೂರದಲ್ಲಿ ಇಡು. ಹಾಡಿದ್ದನ್ನು ಮೊದಲು ಸಾದಾ ಮುದ್ರಿಸಿ, ಆಮೇಲೆ ಆಂಪ್ಲಿಫೈಯರ್ ಮೂಲಕ ಈ ಪೆಟ್ಟಿಗೆಗೆ ಕೊಟ್ಟು ಮತ್ತೆ ಮುದ್ರಿಸಿಕೋ. ಎಂಟು ಚಾನೆಲ್ಲಿನ ಮಿಕ್ಸರ್ ನನ್ನ ಅಂಗಡಿಯಲ್ಲಿದೆ, ಮದುವೆ ಸೀಸನ್ ಮುಗಿದ ಮೇಲೆ ಬಂದು ಒಯ್ಯಬಹುದು.

ದಂಡೆಯ ಗಿಟಾರ್, ಸಿಂಧನೂರು

ಲೆಸ್ಲಿಯ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಹಾಡಿನ ಪೂರ್ವಾರ್ಧದ ದನಿ ಲೆಸ್ಲಿಯದಲ್ಲ ಎಂಬುದನ್ನು ನೆನಪಿಸಬೇಕು. ಹಾಡನ್ನು ಹಾಡಿದ ಜಾನ್ ಲೆನನ್ ಅವರು ತಮ್ಮ ದನಿ ಬೆಟ್ಟದ ತುದಿಯಿಂದ ದಲಾಯಿ ಲಾಮಾ ಅವರು ಪಠಿಸಿದಂತೆ ಕೇಳಬೇಕು ಎಂದಿದ್ದಕ್ಕೆ ಲೆಸ್ಲಿ ಬಂದದ್ದು ನಡುವಿನ ವಾದ್ಯಭಾಗದ ನಂತರದಲ್ಲಿ. ಅದಕ್ಕೆ ಮೊದಲಿನದು ಎಡಿಟಿ, ಅಂದರೆ ಹಾಡಿದ ದನಿಯನ್ನು ಯಂತ್ರದಿಂದಲೇ ಇಮ್ಮಡಿಯಾಗಿಸುವುದು. ಒಂದೇ ಸಾಲನ್ನು ಎರಡೆರಡು ಸಲ ಹಾಡುವ ಶ್ರಮ ತಪ್ಪಿಸಲು ಇಎಂಐನ ತಂತ್ರಜ್ಞ ಕೆನ್ ಟೌನ್‌ಸೆಂಡ್ ಅವರು ಆ ವರ್ಷವೇ ರೂಪಿಸಿದ ವಿಧಾನ ಅದು. ಮುಖ್ಯ ಯಂತ್ರದಿಂದ ಬರುವ ದನಿಯನ್ನು ಇನ್ನೊಂದು ಟೇಪ್ ಯಂತ್ರಕ್ಕೆ ಕಳುಹಿಸಿ, ಆ ಯಂತ್ರದ ಮೋಟರನ್ನು ಕರೆಂಟಿನ 50 ಹರ್ಟ್ಝ್ ಆವರ್ತನಕ್ಕೆ ಕಟ್ಟಿಹಾಕದೆ ಬೇರೆ ಆಸಿಲೇಟರಿನಿಂದ ಓಡಿಸಿದಾಗ, ಪ್ರತಿಯ ವೇಗವನ್ನು ಕೈಯಿಂದ ತುಸು ತುಸು ಬದಲಿಸಬಹುದು.

ರೀಪರಿನಲ್ಲಿ ದನಿಯ ಪ್ರತಿಯೊಂದನ್ನು ಮಾಡಿ 25ರಿಂದ 40 ಮಿಲಿಸೆಕೆಂಡು ತಡಮಾಡಿ, ಆ ತಡವನ್ನು ಕೆಲವು ಮಿಲಿಸೆಕೆಂಡುಗಳ ಒಳಗೆ ನಿಧಾನವಾಗಿ ಆಚೀಚೆ ಸರಿಸಬೇಕು. ಕೋರಸ್ ಎಫೆಕ್ಟು ಹಾಕಬೇಡಿ, ಅದರ ಏರಿಳಿತ ಯಂತ್ರದ್ದೆಂದು ಗೊತ್ತಾಗುತ್ತದೆ. ತಡದ ಗುಂಡಿಯನ್ನು ಮೌಸಿನಿಂದ ಹಿಡಿದು, ಸಾಲಿನ ಭಾವ ನೋಡಿ ನೀವೇ ಸರಿಸಿ. ಹಿಮ್ಮುಖ ಗಿಟಾರಿಗೆ ಹೆಚ್ಚು ಹೇಳುವುದಿಲ್ಲ: ಹಾಡನ್ನು ತಿರುಗಿಸಿ ನುಡಿಯುವಂತೆ ಮಾಡಿ, ಅದರ ಮೇಲೆ ಫಝ್ (ಗಿಟಾರಿನ ಧ್ವನಿ ಒಡೆಯುವಂತೆ ಮಾಡುವ ಎಫೆಕ್ಟು) ಹಾಕಿ ಗಿಟಾರ್ ನುಡಿಸಿ, ಮತ್ತೆ ತಿರುಗಿಸಿ.

ಕೌಲ್‌ಬಜಾರ್ ಧ್ವನಿ, ಬಳ್ಳಾರಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಗೆಳೆಯರ ಐದು ಮೊಬೈಲುಗಳನ್ನು ಸೇರಿಸಿ, ಸದ್ಯಕ್ಕೆ ಆರ್ಕೆಸ್ಟ್ರಾ ತಂಡದ ಮಿಕ್ಸರಿನಲ್ಲಿ ಲೂಪುಗಳನ್ನು ಪ್ರಯತ್ನಿಸಿದೆವು. ವ್ಯತ್ಯಾಸ ಮೊದಲ ಪಟ್ಟಿನಲ್ಲಿಯೇ ತಿಳಿಯಿತು. ಕೊಳಲಿನ ಲೂಪು ತಾನಾಗಿಯೇ ದನಿಯ ಎರಡು ಸಾಲುಗಳ ನಡುವಿನ ಖಾಲಿ ಜಾಗಕ್ಕೆ ಬಂದಾಗ ಫೇಡರ್ ಹಿಡಿದಿದ್ದ ಗೆಳೆಯ ಅದನ್ನು ತಕ್ಷಣ ಮೇಲೆತ್ತಿದ, ಮುಂದಿನ ಸುತ್ತಿಗೆ ಅದು ಅಲ್ಲಿಗೆ ಬರಲಿಲ್ಲ, ಬಂದದ್ದು ಬೇರೆ ಕಡೆ. ಇದನ್ನು ಪರದೆಯ ಮೇಲೆ ಗೆರೆ ಎಳೆದು ಯೋಜಿಸಲು ನನ್ನಿಂದ ಆಗುತ್ತಿರಲಿಲ್ಲ.

ಇನ್ನು ಉಳಿದಿರುವುದು ಡ್ರಮ್. ಮೂಲದ ಡ್ರಮ್ ಎದೆಗೆ ಒದ್ದಂತೆ ಬರುತ್ತದೆ, ಸಿಂಬಲ್‌ಗಳು ಉಬ್ಬಿಕೊಂಡು ಮೇಲೇಳುತ್ತವೆ. ನನ್ನ ಕೋಣೆಯಲ್ಲಿ ಬೇಸ್ ಡ್ರಮ್ ಗುಮ್ಮೆಂದು ಎಳೆದಾಡುತ್ತದೆ, ಸ್ನೇರ್ ಕಲ್ಲಿನ ನೆಲಕ್ಕೆ ಬಡಿದು ಚುರುಗುಟ್ಟುತ್ತದೆ. ಗೋಡೆಗೆ ಕೌದಿಗಳನ್ನು ನೇತುಹಾಕಿದ್ದೇನೆ. ಎರಡೇ ಇನ್‌ಪುಟ್ಟಿನಲ್ಲಿ ಇದು ಸಾಧ್ಯವೇ?

ಹಳೆ ಟೇಪು, ರಾಯಚೂರು

ಸಾಧ್ಯವಿದೆ, ಎರಡು ಇನ್‌ಪುಟ್ ಇಲ್ಲಿ ಕೊರತೆಯೇ ಅಲ್ಲ. ಮೊದಲು ಕೋಣೆಯನ್ನು ನೋಡೋಣ. 12 ಅಡಿ ಉದ್ದದ ಕೋಣೆ 47 ಹರ್ಟ್ಝ್ ಸುತ್ತಮುತ್ತ, 10 ಅಡಿ ಅಗಲ 56 ಹರ್ಟ್ಝ್ ಸುತ್ತಮುತ್ತ ಅನುರಣಿಸುತ್ತದೆ. ಬೇಸ್ ಡ್ರಮ್ಮಿನ ಗುಮ್ಮು ಎಳೆದಾಡುವುದು ಇದರಿಂದ. ಕೌದಿ ಎಷ್ಟೇ ದಪ್ಪವಾಗಿದ್ದರೂ ಗೋಡೆಗೆ ಅಂಟಿಕೊಂಡಿದ್ದರೆ ಮೇಲಿನ ಧ್ವನಿಯನ್ನಷ್ಟೇ ಹೀರುತ್ತದೆ, ಈ ಕೆಳಗಿನದನ್ನು ಮುಟ್ಟುವುದಿಲ್ಲ. ನಿಮ್ಮೂರಿನ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಉಳಿದ ಡೆನಿಮ್ ಚಿಂದಿ ಮೂಟೆಗಟ್ಟಲೆ ಸಿಗುತ್ತದೆ. ಅದನ್ನು ನಾಲ್ಕು ಇಂಚು ಆಳದ ಮರದ ಚೌಕಟ್ಟಿನಲ್ಲಿ ಸಡಿಲವಾಗಿ ತುಂಬಿ, ಮೇಲೆ ತೆಳುವಾದ ಹತ್ತಿ ಬಟ್ಟೆ ಹೊದಿಸಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದರೆ ಸುಮಾರು 400 ಹರ್ಟ್ಝ್‌ನಿಂದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ನೇರಿನ ಚುರುಕು ಅದರಿಂದ ಇಳಿಯುತ್ತದೆ. ಡ್ರಮ್ಮಿನ ಅಡಿಗೆ ಕೌದಿಗಳನ್ನು ಹಾಸಿ. ಕೆಳಗಿನ ಗುಮ್ಮಿಗೆ ಕೋಣೆಯನ್ನು ತಿದ್ದುವ ಬದಲು ಮೈಕನ್ನು ಹತ್ತಿರ ತರುವುದೇ ಸುಲಭ, ಮೂಲದಲ್ಲಿಯೂ ಹಾಗೆಯೇ ಮಾಡಿದ್ದರು.

ಆಗ ಇಎಂಐನಲ್ಲಿ ಬೇಸ್ ಡ್ರಮ್ಮಿಗೆ ಮೈಕನ್ನು ಅಷ್ಟು ಸಮೀಪಕ್ಕೆ ಒಯ್ಯುವುದು ರೂಢಿಯಲ್ಲಿರಲಿಲ್ಲ, ಗಾಳಿಯ ಒತ್ತಡಕ್ಕೆ ಮೈಕು ಹಾಳಾಗುತ್ತದೆಂಬ ಕಾಳಜಿ ಅವರದಾಗಿತ್ತು. ಎಂಜಿನಿಯರ್ ಜೆಫ್ ಎಮೆರಿಕ್ ಅವರಿಗೆ ಆಗ 20 ವರ್ಷ, ಮುಖ್ಯ ಎಂಜಿನಿಯರ್ ಆಗಿ ಬೀಟಲ್ಸ್ ತಂಡದೊಂದಿಗೆ ಅದು ಮೊದಲ ಹಾಡು. ಅವರು ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಅವರ ಬೇಸ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ ಗುಂಯ್‌ಗುಡುವುದನ್ನು ಅಡಗಿಸಿ, ಮೈಕನ್ನು ಚರ್ಮದ ಬಳಿಗೆ ತಂದು, ಬಂದ ಧ್ವನಿಯನ್ನು ಫೇರ್‌ಚೈಲ್ಡ್ 660 ಲಿಮಿಟರಿಗೆ ಕೊಟ್ಟರು. ಆ ಯಂತ್ರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಬೇಗ ಧ್ವನಿಯನ್ನು ಹಿಡಿದು ಅದುಮುತ್ತದೆ, ಬಿಡುವುದು ಮಾತ್ರ ನಿಧಾನ. ಅತಿ ಬೇಗ ಬಿಡುವ ಸ್ಥಾನದಲ್ಲಿಟ್ಟರೂ ಸುಮಾರು 0.3 ಸೆಕೆಂಡು ಬೇಕು. ನಾನು ಮೊದಲು ಹೇಳಿದ ಲೆಕ್ಕ ನೆನಪಿಸಿಕೊಳ್ಳಿ: ಒಂದು ಮಾತ್ರೆ 0.48 ಸೆಕೆಂಡು. ಅಂದರೆ ಪೆಟ್ಟು ಬಿದ್ದ ಕೂಡಲೇ ಇಡೀ ಧ್ವನಿ ಅದುಮಿಕೊಂಡು, ಮುಂದಿನ ಮಾತ್ರೆ ಬರುವಷ್ಟರಲ್ಲಿ ಮೇಲೆದ್ದು ಬರುತ್ತದೆ. ನೀವು ಹೇಳಿದ ಸಿಂಬಲ್‌ಗಳ ಉಬ್ಬು ಅದೇ.

ಆದ್ದರಿಂದ ಡೈನಮಿಕ್ ಮೈಕನ್ನು ಬೇಸ್ ಡ್ರಮ್ಮಿನ ಮುಂದಿನ ಚರ್ಮಕ್ಕೆ ಒಂದು ಗೇಣು ದೂರದಲ್ಲಿಯೂ ಕಂಡೆನ್ಸರನ್ನು ಡ್ರಮ್ಮರಿನ ತಲೆಯ ಮೇಲಿನಿಂದ ಸ್ನೇರಿನ ಕಡೆ ನೋಡುವಂತೆಯೂ ಇಡಿ. ಟಾಮ್‌ಗಳ ಚರ್ಮವನ್ನು ಸುಕ್ಕು ಮೂಡುವ ಹಂತದವರೆಗೆ ಸಡಿಲಿಸಿ. ಆ ಕೆಳಧ್ವನಿ ಬಿಗಿದ ಚರ್ಮದಿಂದ ಬರುವುದಿಲ್ಲ. ಎರಡೂ ಮೈಕುಗಳನ್ನು ಮೊದಲು ಒಂದೇ ಮೊನೊ ಬಸ್ಸಿಗೆ (ಧ್ವನಿಗಳು ಒಂದಾಗುವ ದಾರಿಗೆ) ಕೂಡಿಸಿ, ಆ ಕೂಡಿಕೆಯ ಮೇಲೆ ಲಿಮಿಟರಿನಂತೆಯೇ ಧ್ವನಿಯನ್ನು ಅದುಮುವ ಕಂಪ್ರೆಸರ್ ಹಾಕಬೇಕು. ರೀಪರಿನ ಜೊತೆಗೇ ಬರುವ ಕಂಪ್ರೆಸರ್ ಸಾಕು: ಅಟ್ಯಾಕ್ (ಅದುಮಲು ಹಿಡಿಯುವ ಸಮಯ) ಅತಿ ಕಡಿಮೆ, ರಿಲೀಸ್ (ಬಿಡುವ ಸಮಯ) 300 ಮಿಲಿಸೆಕೆಂಡು, ಪೆಟ್ಟು ಬಿದ್ದಾಗ 10ರಿಂದ 15 ಡೆಸಿಬೆಲ್ ಇಳಿಯುವಷ್ಟು ಥ್ರೆಶೋಲ್ಡ್ (ಅದುಮುವುದು ಶುರುವಾಗುವ ಮಟ್ಟ). ಪ್ರತಿ ಮೈಕಿಗೂ ಬೇರೆ ಕಂಪ್ರೆಸರ್ ಹಾಕಿದರೆ ಬೇಸ್ ಡ್ರಮ್ಮಿನ ಪೆಟ್ಟು ಸಿಂಬಲ್ಲನ್ನು ಅದುಮುವುದಿಲ್ಲ, ಉಬ್ಬೂ ಬರುವುದಿಲ್ಲ. ನುಡಿಸುವವರಿಗೆ ಒಂದು ಮಾತು ಹೇಳಿ: ಆರಂಭದ ನಡೆಯನ್ನು ಕೊನೆಯವರೆಗೂ ಬದಲಿಸಕೂಡದು, ಎಲ್ಲಿಯೂ ಅಲಂಕಾರದ ಉರುಳಿಕೆ ಬೇಡ. ಆರ್ಕೆಸ್ಟ್ರಾದಲ್ಲಿ ಪಳಗಿದ ಕೈಗಳಿಗೆ ಈ ಸಂಯಮ ಎಲ್ಲಕ್ಕಿಂತ ಕಷ್ಟ. ಒಳ್ಳೆಯ ಡ್ರಮ್ಮರನ್ನು ಕೂರಿಸಿಕೊಂಡು ಹಾಡು ಪೂರ್ತಿ ಒಂದೇ ಪಟ್ಟಿಗೆ ನುಡಿಸಿಕೊಳ್ಳಿ, ಒಂದು ಆವರ್ತವನ್ನು ಕತ್ತರಿಸಿ ಅಂಟಿಸುವ ಆಸೆಗೆ ಬೀಳಬೇಡಿ.

ಕ್ರಮದ ಬಗ್ಗೆಯೂ ಹೇಳಿಬಿಡುತ್ತೇನೆ. ಡ್ರಮ್ ಮತ್ತು ಬೇಸ್ ಮೊದಲು, ಆಮೇಲೆ ತಂಬೂರಿ ಮತ್ತು ದನಿ, ಅನಂತರ ಗಿಟಾರು, ಲೂಪುಗಳ ವಾದನ ಕೊನೆಗೆ. ದನಿ ಇಲ್ಲದೆ ಲೂಪುಗಳನ್ನು ನುಡಿಸಿದರೆ ಫೇಡರ್ ಹಿಡಿದವರಿಗೆ ಎಲ್ಲಿ ಜಾಗ ಬಿಡಬೇಕೆಂಬುದು ತಿಳಿಯುವುದಿಲ್ಲ. ಹಾಡು ಕರಗುವಾಗ ಕೇಳಿಬರುವ ಹಳೆಯ ಪಿಯಾನೋದ ತುಣುಕನ್ನು ಮರೆಯಬೇಡಿ, ಅನೇಕರು ಅದನ್ನು ಬಿಟ್ಟೇಬಿಡುತ್ತಾರೆ. ಕೀಬೋರ್ಡಿನ ಹಾಂಕಿಟಾಂಕ್ ಧ್ವನಿಯಲ್ಲಿ, ಲೂಪುಗಳ ಟ್ರ್ಯಾಕ್ ಮುಗಿದ ಮೇಲೆ ಅದನ್ನು ನುಡಿಸಿಕೊಳ್ಳಬಹುದು.

ಬಿಳಿ ಒಂದು, ಕೊಪ್ಪಳ

ತಂಬೂರಿಯ ವಿಷಯದಲ್ಲಿ ನಿಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ ನಾನೇ ಕೇಳುತ್ತಿದ್ದೇನೆ. ನಿಮ್ಮ ಡ್ರಮ್ ಮತ್ತು ಬೇಸ್ ಮುದ್ರಣವಾದ ಮೇಲೆ ಆ ಫೈಲನ್ನು ನನಗೆ ಕಳುಹಿಸಿ. ಬೇಸ್ ಗಿಟಾರಿನ ಸಿ ಸ್ವರಕ್ಕೆ ನನ್ನ ತಂಬೂರಿಯನ್ನು ಸೇರಿಸಿ, ಹಾಡಿಗಿಂತ ಒಂದು ನಿಮಿಷ ಹೆಚ್ಚಿಗೆ ಮೀಟಿ, ಯಾವ ಎಫೆಕ್ಟೂ ಇಲ್ಲದೆ ಕಳುಹಿಸುತ್ತೇನೆ. ಜವಾರಿಯನ್ನು ಎರಡು ಬಗೆಯಲ್ಲಿ, ಒಂದು ಸಲ ಹೆಚ್ಚು ತೆರೆದು, ಇನ್ನೊಂದು ಸಲ ಸ್ವಲ್ಪ ಮುಚ್ಚಿ ಮೀಟುತ್ತೇನೆ. ಲೂಪುಗಳ ಜೊತೆ ಯಾವುದು ನಿಲ್ಲುತ್ತದೆ ಎಂಬುದನ್ನು ನೀವು ಕೇಳಿ ಆರಿಸಿಕೊಳ್ಳಿ. ನಾನು 48 ಕಿಲೋಹರ್ಟ್ಝ್, 24 ಬಿಟ್‌ನಲ್ಲಿ ಮುದ್ರಿಸುತ್ತೇನೆ, ನಿಮ್ಮ ಪ್ರಾಜೆಕ್ಟನ್ನೂ ಅದಕ್ಕೇ ಹೊಂದಿಸಿಡಿ.